ಅಮೆರಿಕಕ್ಕೆ ಹೋಗದೆ ಅಲ್ಲಿನ 1930ರ ದಶಕದ ಬಗ್ಗೆ ಸಂಶೋಧನೆ ಮಾಡೋದು ಹೇಗೆ?

ಪ್ರಶ್ನೆ: ಎಂ.ಎ. ಇತಿಹಾಸದ ಕಿರುಪ್ರಬಂಧಕ್ಕೆ ಅಮೆರಿಕದ ಮಹಾ ಆರ್ಥಿಕ ಕುಸಿತ ಮತ್ತು ‘ನ್ಯೂ ಡೀಲ್’ ತಗೊಂಡಿದ್ದೇನೆ. ಕಾಲೇಜು ಲೈಬ್ರರಿಯಲ್ಲಿ ಎರಡು ಪಠ್ಯಪುಸ್ತಕ ಬಿಟ್ಟರೆ ಏನೂ ಇಲ್ಲ. ಮೂಲ ದಾಖಲೆ ನೋಡೋಕೆ ಅಲ್ಲಿಗೇ ಹೋಗಬೇಕಾ? ಎಲ್ಲಿಂದ ಶುರು ಮಾಡಲಿ?

ಹೋಗಬೇಕಿಲ್ಲ. ಇಂಟರ್ನೆಟ್ಟು, ಒಂದು ನೋಟ್‌ಬುಕ್ಕು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಈ ಪ್ರಶ್ನೆಯನ್ನು ತುಂಬ ಜನ ಕೇಳುತ್ತಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ದೂರದಲ್ಲಿ ಕೂತು ಓದುವವರಿಗೆ ಈ ದಶಕದಷ್ಟು ಕಾಗದಪತ್ರ ಸಿಗೋದು ಅಪರೂಪ, ಮತ್ತು ಅದಕ್ಕೆ ಕಾರಣವೂ ಆ ದಶಕದ ಒಳಗೇ ಇದೆ. 1933ರ ಹೊತ್ತಿಗೆ ದುಡಿಯುವ ಕೈಗಳಲ್ಲಿ ಸುಮಾರು ಕಾಲು ಭಾಗಕ್ಕೆ ಕೆಲಸ ಇರಲಿಲ್ಲ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರ ‘ನ್ಯೂ ಡೀಲ್’ ಅನ್ನೋ ಸುಧಾರಣೆಗಳ ಹೆಸರಲ್ಲಿ ಕೆಲಸ ಕೊಡೋಕೆ ಹೊರಟಾಗ ಬರೀ ರಸ್ತೆ, ಸೇತುವೆ ಕಟ್ಟಿಸಿ ಸುಮ್ಮನಾಗಲಿಲ್ಲ. ಕೆಲಸವಿಲ್ಲದ ಬರಹಗಾರರಿಗೆ, ಗುಮಾಸ್ತರಿಗೆ, ಮೇಷ್ಟರುಗಳಿಗೆ ಸಂಬಳ ಕೊಟ್ಟು ಮನೆಮನೆಗೆ ಕಳಿಸಿ ಜನರ ಮಾತು ಬರೆಸಿತು. ಫೋಟೋ ತೆಗೆಯುವವರನ್ನು ಹಳ್ಳಿಗಳಿಗೆ ಓಡಾಡಿಸಿತು. ಸರ್ಕಾರಿ ದಾಖಲೆ ಕಾಪಾಡುವ ನ್ಯಾಷನಲ್ ಆರ್ಕೈವ್ಸ್ ಹುಟ್ಟಿದ್ದೂ 1934ರಲ್ಲೇ. ಅಂದರೆ ನೀವು ಓದಲು ಹೊರಟ ಸುಧಾರಣೆಯೇ ನೀವು ಓದುವ ದಾಖಲೆಗಳನ್ನೂ ಹುಟ್ಟಿಸಿದೆ. ಹಾಗಾಗಿ ಯಾವ ಕಾಗದ ಕೈಗೆ ಬಂದರೂ ಮೊದಲು ಕೇಳಬೇಕಾದ್ದು ಒಂದೇ: ಇದನ್ನು ಬರೆದವರಿಗೆ ಸಂಬಳ ಕೊಟ್ಟಿದ್ದು ಯಾರು, ಯಾಕೆ?

ಇದು ಯಾಕಿಷ್ಟು ಮುಖ್ಯ ಅಂತ ಒಬ್ಬ ಅಜ್ಜಿಯ ಕಥೆಯಿಂದ ಗೊತ್ತಾಗುತ್ತೆ. ಬರಹಗಾರರಿಗೆ ಕೆಲಸ ಕೊಟ್ಟ ‘ಫೆಡರಲ್ ರೈಟರ್ಸ್ ಪ್ರಾಜೆಕ್ಟ್’ 1936ರಿಂದ 1938ರವರೆಗೆ, ಹಿಂದೆ ಗುಲಾಮರಾಗಿದ್ದವರನ್ನು ಹುಡುಕಿ ಮಾತಾಡಿಸಿತು. ಅಂಥ 2,300ಕ್ಕೂ ಜಾಸ್ತಿ ಸಂದರ್ಶನಗಳು ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದಂತಿರುವ ಲೈಬ್ರರಿ ಆಫ್ ಕಾಂಗ್ರೆಸ್‌ನ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಗುಲಾಮಗಿರಿ ಮುಗಿದಿದ್ದು 1865ರಲ್ಲಿ, ಹಾಗಾಗಿ ಮಾತಾಡಿದವರಲ್ಲಿ ಹೆಚ್ಚಿನವರು 80 ದಾಟಿದವರು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಸೂಸನ್ ಹ್ಯಾಮ್ಲಿನ್ ಅನ್ನುವ, ನೂರು ದಾಟಿದೆ ಅಂತ ಹೇಳಿಕೊಂಡ ಮುದುಕಿಯನ್ನು ಬೇರೆ ಬೇರೆಯಾಗಿ ಇಬ್ಬರು ಮಾತಾಡಿಸಿದರು. ಒಬ್ಬಾಕೆ ಬಿಳಿಯ ಹೆಂಗಸು. ಈಕೆ ಬಡವರಿಗೆ ಹಣ ಕೊಡುವ ಸರ್ಕಾರಿ ಪರಿಹಾರದ ಕಚೇರಿಯಿಂದ ಬಂದವಳು ಅಂತ ಅಜ್ಜಿ ಅಂದುಕೊಂಡಳು. ಧಣಿ ಒಳ್ಳೆಯವನು, ಚೆನ್ನಾಗಿ ನೋಡಿಕೊಂಡ ಅನ್ನೋ ಥರದ ಮಾತು ಬಂತು. ಇನ್ನೊಬ್ಬ ಕಪ್ಪು ಜನಾಂಗದವನು. ಅವನ ಮುಂದೆ ಅದೇ ಅಜ್ಜಿ ಹೊಡೆತದ ಬಗ್ಗೆ, ಮಾರಾಟವಾದ ಮಕ್ಕಳ ಬಗ್ಗೆ, ತಮ್ಮವರು ಮಾರಾಟವಾದಾಗ ಜನ ಹಗಲೂ ರಾತ್ರಿ ಚೀರಿ ಅಳುತ್ತಿದ್ದುದರ ಬಗ್ಗೆ ಹೇಳಿದಳು.

ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿ. ಹೊಟ್ಟೆಗಿಲ್ಲದ ಕಾಲ, ಬಾಗಿಲಿಗೆ ಬಂದವಳ ಒಂದು ಮಾತಿನಿಂದ ತಿಂಗಳ ಹಣ ಬರಬಹುದು ಅನ್ನೋ ಆಸೆ, ಅಂಥ ಹೊತ್ತಲ್ಲಿ ಯಾರು ತಾನೆ ಮನಸ್ಸು ಬಿಚ್ಚಿ ಬಿಳಿಯರ ಮೇಲೆ ದೂರು ಹೇಳುತ್ತಾರೆ? ಇಲ್ಲಿ 1850ರ ದಶಕದ ಕಥೆಯ ಒಳಗೇ 1937ರ ಹಸಿವು ಕೂತಿದೆ. ನನ್ನನ್ನು ಕೇಳಿದರೆ ಇದೊಂದರ ಮೇಲೇ ಒಂದು ಒಳ್ಳೆಯ ಕಿರುಪ್ರಬಂಧ ಬರೆಯಬಹುದು. ಇನ್ನೊಂದು ವಿಷಯ ನೆನಪಿರಲಿ: ಎರಡನೇ ಸಂದರ್ಶನದಲ್ಲಿ ಆಕೆಯ ಹೆಸರು ‘ಹ್ಯಾಮಿಲ್ಟನ್’ ಅಂತಿದೆ. ಒಂದೇ ಹೆಸರು ಹಾಕಿ ಹುಡುಕಿದವರಿಗೆ ಅರ್ಧ ಕಥೆ ಮಾತ್ರ ಸಿಗುತ್ತೆ.

ಫೋಟೋಗಳಿಗೂ ಇದೇ ಎಚ್ಚರ ಬೇಕು. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೋದಲ್ಲಿ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ತೆಗೆದ ಆ ತಾಯಿ ಮಕ್ಕಳ ಚಿತ್ರವನ್ನು ನೀವು ನೋಡಿಯೇ ಇರುತ್ತೀರಿ. ಕೈಯನ್ನು ಕೆನ್ನೆಗೆ ತಾಗಿಸಿ ಎಲ್ಲೋ ನೋಡುತ್ತಾ ಕೂತ ಹೆಂಗಸು, ಮುಖ ತಿರುಗಿಸಿಕೊಂಡು ಅವಳಿಗೆ ಒರಗಿದ ಇಬ್ಬರು ಮಕ್ಕಳು. ಲ್ಯಾಂಗ್‌ಗೆ ಸಂಬಳ ಕೊಡುತ್ತಿದ್ದುದು ಸರ್ಕಾರದ ಒಂದು ಇಲಾಖೆ. ರೈತರಿಗೆ ನೆರವು ಯಾಕೆ ಬೇಕು ಅಂತ ದೇಶಕ್ಕೆ ತೋರಿಸೋದು ಆ ಇಲಾಖೆಯ ಉದ್ದೇಶ. ಊಟಕ್ಕಾಗಿ ಕಾರಿನ ಟೈರು ಮಾರಿಕೊಂಡಿದ್ದರು ಅಂತ ಲ್ಯಾಂಗ್ ಬರೆದರು, ನಾವು ಟೈರು ಮಾರಿರಲಿಲ್ಲ ಅಂತ ಆ ಕುಟುಂಬದವರು ಆಮೇಲೆ ಹೇಳಿದರು. ಹಾಗಂತ ಚಿತ್ರ ಸುಳ್ಳಲ್ಲ. ಬಡತನ ನಿಜ, ಬಿಡಾರ ನಿಜ, ಚಿತ್ರದ ಕೆಳಗಿನ ಬರಹವನ್ನು ಮಾತ್ರ ಬೇರೆಯಾಗಿ ಪರೀಕ್ಷೆ ಮಾಡಬೇಕು. ಅವತ್ತು ಅಲ್ಲಿ ತೆಗೆದ ಬೇರೆ ಚಿತ್ರಗಳೂ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಅವನ್ನೂ ನೋಡಿ.

ಅಂಕಿಅಂಶ ಅಂದರೆ ಅನುಮಾನವೇ ಬೇಡ ಅಂದುಕೊಳ್ಳುತ್ತೇವೆ ಅಲ್ವಾ? 1938ರ ನಿರುದ್ಯೋಗ ಎಷ್ಟು ಅಂತ ಹುಡುಕಿ. ಒಂದು ಕಡೆ 19%, ಇನ್ನೊಂದು ಕಡೆ 12.5% ಸಿಗುತ್ತೆ. ಎರಡೂ ಲೆಕ್ಕ ಸರಿಯಾಗಿಯೇ ಇವೆ. ಸರ್ಕಾರದ ಪರಿಹಾರ ಕಾಮಗಾರಿಯಲ್ಲಿ ದುಡಿಯುತ್ತಿದ್ದವರನ್ನೂ ಅರ್ಥಶಾಸ್ತ್ರಜ್ಞ ಸ್ಟ್ಯಾನ್ಲಿ ಲೆಬರ್‌ಗಾಟ್ ನಿರುದ್ಯೋಗಿಗಳು ಅಂತಲೇ ಎಣಿಸಿದರು. ಅವರಿಗೆ ಕೆಲಸ ಇತ್ತಲ್ಲ ಅಂತ 1976ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೈಕಲ್ ಡಾರ್ಬಿ ಆಕ್ಷೇಪ ಎತ್ತಿ ಬೇರೆ ಲೆಕ್ಕ ಕೊಟ್ಟರು. ನ್ಯೂ ಡೀಲ್ ಗೆದ್ದಿತೋ ಸೋತಿತೋ ಅನ್ನೋ ಜಗಳದಲ್ಲಿ ಯಾರು ಯಾವ ಅಂಕಿ ಹಿಡಿದು ಮಾತಾಡುತ್ತಾರೆ ಅಂತ ಗಮನಿಸಿ. ನಿಮ್ಮ ಪ್ರಬಂಧದಲ್ಲಿ ಯಾವುದನ್ನು ಬಳಸಿದರೂ ಯಾಕೆ ಬಳಸಿದಿರಿ ಅಂತ ಒಂದು ಸಾಲು ಬರೆಯಿರಿ.

ಇನ್ನು ವಿಷಯದ ಗಾತ್ರ. ‘ಮಹಾ ಆರ್ಥಿಕ ಕುಸಿತ ಮತ್ತು ನ್ಯೂ ಡೀಲ್’ ಅನ್ನೋದು ಒಂದು ಕಿರುಪ್ರಬಂಧಕ್ಕೆ ತೀರಾ ದೊಡ್ಡದಾಯಿತು. ಒಂದು ವಾರ ಹಿಡಿದುಕೊಳ್ಳಿ. 1933ರ ಮಾರ್ಚ್ 4ಕ್ಕೆ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದರು, ಜನ ಹೆದರಿ ದುಡ್ಡು ತೆಗೆಯುತ್ತಿದ್ದ ದೇಶದ ಬ್ಯಾಂಕುಗಳನ್ನೆಲ್ಲ 6ಕ್ಕೆ ಮುಚ್ಚಿಸಿದರು, 12ರ ಭಾನುವಾರ ರಾತ್ರಿ ರೇಡಿಯೋದಲ್ಲಿ ಕೂತು ನೀವು ಕಟ್ಟಿದ ದುಡ್ಡನ್ನು ಬ್ಯಾಂಕು ಏನು ಮಾಡುತ್ತೆ ಅಂತ ಮನೆಯವರಿಗೆ ಹೇಳುವ ಹಾಗೆ ವಿವರಿಸಿದರು, ಮರುದಿನದಿಂದ ಬ್ಯಾಂಕುಗಳು ಒಂದೊಂದಾಗಿ ತೆರೆದಾಗ ಜನ ದುಡ್ಡು ವಾಪಸ್ ತಂದು ಕಟ್ಟೋಕೆ ಸಾಲು ನಿಂತರು. ಆ ಭಾಷಣ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ‘ಅಮೆರಿಕನ್ ಪ್ರೆಸಿಡೆನ್ಸಿ ಪ್ರಾಜೆಕ್ಟ್’ನಲ್ಲಿದೆ. ಬ್ಯಾಂಕಿಂಗ್ ದಾಖಲೆಗಳು ಸೇಂಟ್ ಲೂಯಿಸ್ ಫೆಡರಲ್ ರಿಸರ್ವ್ ಬ್ಯಾಂಕಿನ ‘ಫ್ರೇಸರ್’ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿವೆ. ಈ ಕಥೆಯ ಎಳೆ ನಮ್ಮ ಪಾಸ್‌ಬುಕ್ಕಿನವರೆಗೂ ಬರುತ್ತೆ: ಬ್ಯಾಂಕು ಮುಳುಗಿದರೂ ಕಟ್ಟಿದ ದುಡ್ಡು ಒಂದು ಮಿತಿಯವರೆಗೆ ವಾಪಸ್ ಸಿಗುವ ಠೇವಣಿ ವಿಮೆ ಅಮೆರಿಕದಲ್ಲಿ 1934ರ ಜನವರಿ 1ಕ್ಕೆ 2,500 ಡಾಲರ್ ಮಿತಿಯಲ್ಲಿ ಶುರುವಾಯಿತು, ಭಾರತದಲ್ಲಿ ಅಂಥದ್ದು ಬಂದಿದ್ದು 1962ರಲ್ಲಿ, ಈಗ ಇಲ್ಲಿ ಮಿತಿ 5 ಲಕ್ಷ ರೂಪಾಯಿ.

ಹಳೇ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಸಂಗ್ರಹ ನೋಡಿ. ಅಲ್ಲಿ ‘ಗ್ರೇಟ್ ಡಿಪ್ರೆಷನ್’ ಅಂತ ಹಾಕಿ ಹುಡುಕಿದರೆ ನಿರಾಸೆಯಾಗುತ್ತೆ, ಆ ಹೆಸರು ಗಟ್ಟಿಯಾಗಿ ನಿಂತಿದ್ದು ಆಮೇಲೆ. ‘ರಿಲೀಫ್’, ‘ಬ್ರೆಡ್‌ಲೈನ್’ (ಪುಕ್ಕಟೆ ಊಟಕ್ಕೆ ನಿಂತ ಸಾಲು), ‘ಹಾರ್ಡ್ ಟೈಮ್ಸ್’ ಅಂತ ಆ ಕಾಲದವರ ಬಾಯಲ್ಲಿದ್ದ ಮಾತು ಹಾಕಿ.

ಇಷ್ಟಾದರೂ ವಿಷಯ ಹೊಳೆಯದಿದ್ದರೆ ರಿಚ್ಮಂಡ್ ವಿಶ್ವವಿದ್ಯಾಲಯದ ‘ಮ್ಯಾಪಿಂಗ್ ಇನ್‌ಈಕ್ವಾಲಿಟಿ’ ತೆರೆಯಿರಿ. ಮನೆ ಸಾಲದವರಿಗೆ ನೆರವಾಗಲು ಹುಟ್ಟಿದ ಸರ್ಕಾರಿ ಸಂಸ್ಥೆಯೊಂದು 1930ರ ದಶಕದಲ್ಲಿ ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿದ ನಕ್ಷೆಗಳು ಅಲ್ಲಿವೆ. ಕೆಂಪು ಅಂದರೆ ಇಲ್ಲಿ ಸಾಲ ಕೊಡೋದು ಅಪಾಯ ಅಂತ. ಒಂದು ಊರು ಆರಿಸಿ, ಕೆಂಪು ಬಡಾವಣೆ ಒತ್ತಿ, ಅದರ ನಮೂನೆಯನ್ನು ಓದಿ. ಮನೆಗಳ ಬೆಲೆ, ಬಾಡಿಗೆ, ಜನರ ಕಸುಬು ಬರೆಯುವ ಜಾಗದ ಹತ್ತಿರವೇ ಕಪ್ಪು ಜನ ಇದ್ದಾರಾ, ಶೇಕಡಾ ಎಷ್ಟು ಅಂತ ಕೇಳುವ ಅಂಕಣ ಇದೆ, ಕೊನೆಗೆ ಒಂದೆರಡು ಸಾಲಿನ ಷರಾ. ಮೊದಲ ದಿನ ಆ ಒಂದು ಷರಾವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು, ಪಕ್ಕದ ಹಸಿರು ಬಡಾವಣೆಯ ಷರಾವನ್ನೂ ಬರೆದುಕೊಳ್ಳಿ.