ಫೋಲ್ಡರ್ ಕಾಪಿ ಮಾಡಿದರೆ ತಂತ್ರಾಂಶ ಬಂದೀತೇ?

ಪ್ರಶ್ನೆ: ನಮ್ಮ ತರಬೇತಿ ಕೇಂದ್ರದ ಹನ್ನೆರಡು ಕಂಪ್ಯೂಟರ್‌ಗಳಿಗೂ ಒಂದೇ ತಂತ್ರಾಂಶಗಳು ಬೇಕು. ಒಂದಕ್ಕೆ ಹಾಕಿ, ಅದರ ‘ಪ್ರೋಗ್ರಾಂ ಫೈಲ್ಸ್’ ಫೋಲ್ಡರನ್ನು ಪೆನ್‌ಡ್ರೈವ್‌ನಲ್ಲಿ ಉಳಿದವಕ್ಕೆ ಒಯ್ದರೆ ಸಾಲದೇ? (ಸಾಗರದ ಓದುಗರೊಬ್ಬರು)

ಸಾಲದು. ಇದೇ ಪ್ರಶ್ನೆಗೆ ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ನಿಂತೂ ಉತ್ತರಿಸಿದ್ದೇನೆ, ಮದುವೆಮನೆಯ ಪಂಕ್ತಿಯಲ್ಲಿ ಕುಳಿತೂ ಉತ್ತರಿಸಿದ್ದೇನೆ. ಇನ್ನೊಮ್ಮೆ ಹೇಳುತ್ತೇನೆ.

ಸೆಟಪ್ ಎಂದರೆ ಕಡತಗಳನ್ನು ತಂದು ಸುರಿಯುವುದಷ್ಟೇ ಅಲ್ಲ. ಅದು ವಿಂಡೋಸ್‌ನ ರಿಜಿಸ್ಟ್ರಿಯಲ್ಲಿ, ಅಂದರೆ ಅದರ ದಾಖಲೆ ಪುಸ್ತಕದಲ್ಲಿ, ತನ್ನ ವಿವರ ಬರೆಸುತ್ತದೆ, ಯಾವ ಬಗೆಯ ಕಡತವನ್ನು ತಾನು ತೆರೆಯಬೇಕೆಂದು ಗೊತ್ತುಮಾಡುತ್ತದೆ, ತಂತ್ರಾಂಶ ಓಡಲು ನೆರವಾಗುವ ಕೆಲವು ಡಿಎಲ್‌ಎಲ್ ಕಡತಗಳನ್ನು ಬೇರೆಡೆ ಇಡುತ್ತದೆ, ಬೇಕಿದ್ದರೆ ಹಿನ್ನೆಲೆಯಲ್ಲಿ ಓಡುವ ಸರ್ವೀಸನ್ನೂ ನೋಂದಾಯಿಸುತ್ತದೆ. ಬರೀ ಫೋಲ್ಡರ್ ಒಯ್ಯುವುದು ಬೇರು ಬಿಟ್ಟು ಕತ್ತರಿಸಿ ತಂದ ಅಡಿಕೆ ಸಸಿಯನ್ನು ನೆಟ್ಟಂತೆ. ಎರಡು ದಿನ ಹಸಿರಾಗಿ ಕಾಣುತ್ತದೆ.

‘ನಮ್ಮಲ್ಲಿ ನಡೆಯಿತಲ್ಲ ಸಾರ್’ ಎನ್ನುವವರಿದ್ದಾರೆ. ನಡೆದಿರಬಹುದು. ಪೋರ್ಟಬಲ್ ತಂತ್ರಾಂಶಗಳನ್ನು ಸೆಟಪ್ ಇಲ್ಲದೆ, ಹಾಗೆ ಫೋಲ್ಡರ್ ಒಯ್ದರೂ ನಡೆಯಲೆಂದೇ ಕಟ್ಟಿರುತ್ತಾರೆ. ಫಾಂಟ್‌ಗಳನ್ನೂ ಫಾಂಟ್ಸ್ ಫೋಲ್ಡರಿಗೆ ಹಾಕಿದರೆ ಸಾಕು, ವಿಂಡೋಸ್ ತಾನೇ ನೋಂದಾಯಿಸಿಕೊಳ್ಳುತ್ತದೆ. ಈ ನಂಬಿಕೆ ಹುಟ್ಟಿದ್ದೇ ಡಿಟಿಪಿ ಅಂಗಡಿಗಳಲ್ಲಿ ಫಾಂಟ್ ಕಾಪಿ ಮಾಡಿದವರಿಂದ ಎಂಬುದು ನನ್ನ ಗುಮಾನಿ.

ಮಾಡಬೇಕಾದದ್ದು ಸುಲಭ. ವಿಂಡೋಸ್ 11ರಲ್ಲಿ, ವಿಂಡೋಸ್ 10ರ 1809 ಮತ್ತು ಅದರ ನಂತರದ ಆವೃತ್ತಿಗಳಲ್ಲಿ ‘ವಿನ್‌ಗೆಟ್’ ಬಳಸಬಹುದು. ಅದು ಆದೇಶ ಟೈಪಿಸಿ ತಂತ್ರಾಂಶ ಹಾಕಿಸಿಕೊಳ್ಳುವ ಮೈಕ್ರೋಸಾಫ್ಟ್‌ನ ಸಲಕರಣೆ. ಮೊದಲ ಕಂಪ್ಯೂಟರ್‌ನಲ್ಲಿ ಅದರ ‘ಎಕ್ಸ್‌ಪೋರ್ಟ್’ ಆದೇಶ ಕೊಟ್ಟರೆ ತಂತ್ರಾಂಶಗಳ ಪಟ್ಟಿ ಒಂದು ಚಿಕ್ಕ ಕಡತವಾಗುತ್ತದೆ. ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕಾದದ್ದು ಅದನ್ನು. ಉಳಿದವುಗಳಲ್ಲಿ ‘ಇಂಪೋರ್ಟ್’ ಎಂದರೆ ಒಂದೊಂದನ್ನೇ ಅಂತರ್ಜಾಲದಿಂದ ಇಳಿಸಿ ಹಾಕುತ್ತಾ ಹೋಗುತ್ತದೆ. ತನ್ನ ಭಂಡಾರದಲ್ಲಿ ಇಲ್ಲದವು ಯಾವುವೆಂದು ಪಟ್ಟಿ ಮಾಡುವಾಗಲೇ ತಿಳಿಸುತ್ತದೆ. ಅವನ್ನು ನೀವೇ ಹಾಕಬೇಕು. ಮಳೆಗಾಲ ಬೇರೆ, ನಡುವೆ ಕರೆಂಟು ಹೋದರೆ ಅದೇ ಆದೇಶವನ್ನು ಮತ್ತೆ ಕೊಡಿ.

ನೀವು ಕೇಳಲಿಲ್ಲ, ಆದರೂ ಫಾಂಟಿನ ಮಾತು ಬಂತಲ್ಲ. ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹಳೆಯ ಕಡತವನ್ನು, ಲಗ್ನಪತ್ರಿಕೆಯೊಂದನ್ನು ಎನ್ನಿ, ಹೊಸ ಕಂಪ್ಯೂಟರ್‌ನಲ್ಲಿ ತೆರೆದಾಗ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಕಡತ ಕೆಟ್ಟಿದೆಯೆಂದು ಅಳಿಸಿಬಿಡಬೇಡಿ. ನುಡಿಯ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡಿವೆ. ಫಾಂಟ್ ಹಾಕಿದರೆ ಕನ್ನಡ ಮರಳುತ್ತದೆ. ಅದನ್ನೇ ತುಂಗಾ ಫಾಂಟಿಗೆ ಬದಲಿಸಿದರೆ ಮಾತ್ರ ಏನೂ ಆಗದು, ಏಕೆಂದರೆ ತುಂಗಾ ಯೂನಿಕೋಡ್ ಫಾಂಟು, ಅಂದರೆ ಕನ್ನಡ ಅಕ್ಷರಗಳಿಗೆಂದೇ ಇರುವ ಸಂಕೇತಗಳನ್ನು ಮಾತ್ರ ಕನ್ನಡವಾಗಿ ತೋರಿಸುತ್ತದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಿರುಗಿಸಿದ ಮೇಲೆಯೇ ಆ ಲಗ್ನಪತ್ರಿಕೆಯ ಒಕ್ಕಣೆ ಮೊಬೈಲ್‌ನಲ್ಲಿ ಓದಲು ಸಿಗುತ್ತದೆ.