ಕೇಬಲ್ ಡಿಸ್ಕ್ ಬ್ರೇಕ್ ರಿಪೇರಿ: ಕಿರುಚಾಟ, ಸೋತ ಹಿಡಿತ ಮತ್ತು ಅಲುಗದ ಆ ಒಂದು ಪ್ಯಾಡ್

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಕಾಣುವ ಕಡಿಮೆ ಬೆಲೆಯ ಎಂಟಿಬಿ (ಮೌಂಟನ್ ಬೈಕ್) ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ವಿಡಿಯೊಗಳಲ್ಲಿ ತೋರಿಸುವುದು ಜಾಸ್ತಿ ಹೈಡ್ರಾಲಿಕ್, ಅಂದರೆ ಕೇಬಲ್ ಬದಲು ದ್ರವದ ಒತ್ತಡದಿಂದ ಹಿಡಿಯುವ ಬ್ರೇಕ್. ಗೊಂದಲ ಹುಟ್ಟುವುದೇ ಅಲ್ಲಿ.

ಮೊದಲು ಸದ್ದು ಕೇಳಿ. ಬ್ರೇಕ್ ಹಿಡಿಯದಿದ್ದರೂ ಚಕ್ರದ ಪ್ರತಿ ಸುತ್ತಿಗೊಮ್ಮೆ ‘ಸರ್’ ಅಂದರೆ ರೋಟರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ತಟ್ಟೆ, ಸೊಟ್ಟಗಾಗಿದೆ. ಹಿಡಿದಾಗ ಓಣಿಯವರೆಲ್ಲ ತಿರುಗಿ ನೋಡುವಂತೆ ಕಿರುಚಿ, ಹಿಡಿತವೂ ಇಲ್ಲದಿದ್ದರೆ ಹೆಚ್ಚಾಗಿ ರೋಟರನ್ನು ಅದುಮುವ ಪ್ಯಾಡಿಗೆ ಎಣ್ಣೆ ತಗುಲಿರುತ್ತದೆ. ಕರಕರ ಅಂದರೆ ಪ್ಯಾಡ್ ಸವೆದು ಹಿಂದಿನ ತಗಡು ಉಜ್ಜುತ್ತಿರಬಹುದು, ಓಡಿಸಬೇಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೂಗಿ, ನಾಲ್ಕು ಸಲ ಹಿಡಿದ ಮೇಲೆ ಸುಮ್ಮನಾದರೆ ಚಿಂತೆ ಬೇಡ.

ಎಣ್ಣೆ ಬರುವುದು ಚೈನಿಗೆ ಹೊಡೆದ ಸ್ಪ್ರೇಯಿಂದ, ಡೀಸೆಲ್ ತೊಳೆತದಿಂದ, ನಮ್ಮ ಬೆರಳಿನಿಂದಲೂ. ರೋಟರ್ ಅನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ. ಸ್ಯಾನಿಟೈಸರ್ ಬೇಡ, ಅದರಲ್ಲಿ ಗ್ಲಿಸರಿನ್ ಇರುತ್ತದೆ. ಪ್ಯಾಡಿನ ಮೇಲ್ಮೈ ಬರೀ ಹೊಳಪಾಗಿದ್ದರೆ ಸ್ಯಾಂಡ್‌ಪೇಪರ್ ಮೇಲೆ ಸಮವಾಗಿ ಉಜ್ಜಿದರೆ ಸಾಕು. ಎಣ್ಣೆ ಒಳಗೆ ಇಳಿದಿದ್ದರೆ ಹೊಸದು ಹಾಕಿ. ಗ್ಯಾಸ್ ಒಲೆ ಮೇಲೆ ಸುಡುವ ಉಪಾಯ ಬೇಡವೇ ಬೇಡ, ತಗಡಿಗೆ ಅಂಟಿದ ಪ್ಯಾಡಿನ ಪದರ ಬಿಟ್ಟುಕೊಳ್ಳಬಹುದು.

ಈಗ ತಲೆ ತಿಂದ ಭಾಗ. ಹೈಡ್ರಾಲಿಕ್‌ನಲ್ಲಿ ಎರಡೂ ಪ್ಯಾಡ್ ಒಳಗೆ ಬರುತ್ತವೆ. ಹಾಗಾಗಿ ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಬಿಗಿ ಮಾಡಿದರೆ ರೋಟರ್ ನಡುವೆ ನಿಲ್ಲುತ್ತದೆ. ನಮ್ಮ ಸಾಮಾನ್ಯ ಕೇಬಲ್ ಬ್ರೇಕಿನಲ್ಲಿ ಅಲುಗುವುದು ಹೊರಗಿನ ಪ್ಯಾಡ್ ಒಂದೇ. ಕಡ್ಡಿಗಳ ಕಡೆಯ ಒಳಪ್ಯಾಡ್ ಗೋಡೆ ಇದ್ದ ಹಾಗೆ, ಕೂತಲ್ಲೇ ಕೂತಿರುತ್ತದೆ. ಹೊರಗಿನದು ಬಂದು ರೋಟರನ್ನೇ ಬಗ್ಗಿಸಿ ಆ ಗೋಡೆಗೆ ಒತ್ತುತ್ತದೆ. ಒಳಗಡೆ ಸಂದು ಜಾಸ್ತಿ ಇದ್ದರೆ ನಿಮ್ಮ ಬೆರಳಿನ ಬಲವೆಲ್ಲ ರೋಟರ್ ಬಗ್ಗಿಸುವುದಕ್ಕೇ ಹೋಗುತ್ತದೆ. ಲಿವರ್ ಹ್ಯಾಂಡಲ್‌ಗೆ ತಾಗಿದರೂ ಗಾಡಿ ನಿಲ್ಲುವುದಿಲ್ಲ ಅಂದರೆ ಇದೇ ಕಾರಣ ಇರಬಹುದು.

ಒಳಪ್ಯಾಡನ್ನು ಮುಂದೆ ತರಲು ಕಡ್ಡಿಗಳ ಮಧ್ಯೆ ಕಾಣುವ ತಿರುಪಿದೆ, ಸಾಮಾನ್ಯವಾಗಿ 5 ಮಿ.ಮೀ. ಅಲನ್ ಕೀ ಹಿಡಿಯುತ್ತದೆ. ಮೊದಲು ಕೇಬಲ್ ಸಡಿಲಿಸಿ, ಕ್ಯಾಲಿಪರ್ ಮೇಲೆ ಕೇಬಲ್ ಎಳೆಯುವ ತೋಳು ಪೂರ್ತಿ ಹಿಂದೆ ಬರಲಿ. ಆಮೇಲೆ ತಿರುಪನ್ನು ಅರ್ಧ ಸುತ್ತಿನಷ್ಟು ಒಳಗೆ ತಿರುಗಿಸಿ. ಇದನ್ನು ಬಿಟ್ಟರೆ ಮುಂದಿನದೆಲ್ಲ ವ್ಯರ್ಥ! ಯಾಕೆ ಅಂದರೆ, ಬೋಲ್ಟ್ ಸಡಿಲ ಇದ್ದಾಗ ಲಿವರ್ ಒತ್ತಿದರೆ ಕ್ಯಾಲಿಪರೇ ಸರಿದು ಒಳಪ್ಯಾಡ್ ರೋಟರಿಗೆ ಅಂಟಿ ನಿಲ್ಲುತ್ತದೆ. ಹಾಗೇ ಬಿಗಿ ಮಾಡಿದಿರಿ ಅನ್ನಿ. ಲಿವರ್ ಬಿಟ್ಟ ಮೇಲೂ ಅದು ಉಜ್ಜುತ್ತಲೇ ಇರುತ್ತದೆ. ಬಿಡಿಸಲು ತಿರುಪನ್ನು ಹಿಂದೆ ತಿರುಗಿಸಬೇಕು, ಅಲ್ವಾ? ಮೊದಲೇ ಪೂರ್ತಿ ಹಿಂದೆ ಇದ್ದರೆ ಎಲ್ಲಿಗೆ ತಿರುಗಿಸುವುದು? ಅದಕ್ಕೇ ಆ ಅರ್ಧ ಸುತ್ತಿನ ಉಳಿತಾಯ.

ಕೇಬಲ್ ಮತ್ತೆ ಕಟ್ಟಿ, ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು, ಅವನ್ನು ಒಮ್ಮೆ ಇದು ಒಮ್ಮೆ ಅದು ಅಂತ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ತಿರುಪು ಕೂದಲೆಳೆಯಷ್ಟು ಹಿಂದೆ. ಚಕ್ರ ಉಜ್ಜದೆ ತಿರುಗಿದರೆ ಮುಗಿಯಿತು.

ಪ್ಯಾಡ್ ಸವೆದಾಗ ಸೈಕಲ್ ಅಂಗಡಿಗಳಲ್ಲಿ ಲಿವರ್ ಪಕ್ಕದ ಬ್ಯಾರೆಲ್ (ಕೇಬಲ್ ಬಿಗಿ ಮಾಡುವ ತಿರುಪು) ಮಾತ್ರ ತಿರುಗಿಸಿ ಕೊಡುವುದುಂಟು. ನನಗೆ ಇದು ಒಪ್ಪಿಗೆಯಿಲ್ಲ. ಬ್ಯಾರೆಲ್ ಇರುವುದು ಕೇಬಲ್ ಹಿಗ್ಗಿದ್ದಕ್ಕೆ. ಅದನ್ನೇ ಬಿಗಿಯುತ್ತ ಹೋದರೆ ತೋಳು ಬ್ರೇಕ್ ಹಿಡಿಯುವ ಮೊದಲೇ ಅರ್ಧ ದಾರಿ ಹೋಗಿರುತ್ತದೆ, ಒಳಪ್ಯಾಡಿನ ಸಂದು ಮಾತ್ರ ಹಾಗೇ ಉಳಿಯುತ್ತದೆ. ಒಳಪ್ಯಾಡಿನ ತಿರುಪು ಮೊದಲು, ಬ್ಯಾರೆಲ್ ಆಮೇಲೆ.

ಹೊಸ ಪ್ಯಾಡಿಗೆ ಪಳಗಿಸುವ ಕೆಲಸ ಬಾಕಿ. ಜನ ಕಡಿಮೆ ಇರುವಾಗ ಕರ್ನಾಟಕ ವಿಶ್ವವಿದ್ಯಾಲಯದ ಕಡೆಯ ಇಳಿಜಾರಿಗೆ ಹೋಗಿ. ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ, ಪೂರ್ತಿ ನಿಲ್ಲಿಸದೆ ಬಿಡಿ. ಒಂದೊಂದು ಬ್ರೇಕಿಗೂ 20 ಸಲ. ಹುಬ್ಬಳ್ಳಿಯ ನೃಪತುಂಗ ಬೆಟ್ಟದಿಂದ ಇಳಿಯುವುದು ಇದಾದ ಮೇಲೆ.

ರೋಟರ್ ಮೇಲೆ ‘ರೆಸಿನ್ (ರಾಳದ) ಪ್ಯಾಡ್ ಮಾತ್ರ’ ಅಂತ ಬರೆದಿದ್ದರೆ ಲೋಹದ ಪ್ಯಾಡ್ ಹಾಕಬೇಡಿ. ಇಷ್ಟೆಲ್ಲ ಆಗಿಯೂ ಕಿರುಚುತ್ತಿದ್ದರೆ ರೋಟರ್ ಮತ್ತು ಕ್ಯಾಲಿಪರ್ ಬೋಲ್ಟ್‌ಗಳನ್ನು ಒಮ್ಮೆ ಅಲುಗಿಸಿ ನೋಡಿ, ಸಡಿಲ ಬೋಲ್ಟ್ ಕೂಡ ಹಾಗೇ ಕೂಗುತ್ತದೆ.