ಕೈಗೆ ಇದ್ದ ಧೈರ್ಯ ಬಾಯಿಗೆ ಇರಲಿಲ್ಲ

ಶಿಕ್ಷಣ ಮನೋವಿಜ್ಞಾನ ಓದುವಾಗ ನಾವೆಲ್ಲ ಕಲಸಿಬಿಡುವ ಎರಡು ಪದಗಳಿವೆ: ಸ್ವ-ಪರಿಕಲ್ಪನೆ ಮತ್ತು ಸ್ವ-ಸಾಮರ್ಥ್ಯದ ನಂಬಿಕೆ. 'ಕೆಮಿಸ್ಟ್ರಿಯಲ್ಲಿ ನಾನು ಹುಷಾರು' ಅನ್ನುವುದು ಮೊದಲನೆಯದು. 'ಈ ಟೈಟ್ರೇಶನ್ (ದ್ರಾವಣವನ್ನು ಹನಿ ಹನಿಯಾಗಿ ಬೆರೆಸಿ ಅಳೆಯುವ ಪ್ರಯೋಗ) ನನ್ನ ಕೈಲಾಗುತ್ತದೆ' ಅನ್ನುವುದು ಎರಡನೆಯದು. ಈ ಎರಡನೆಯದನ್ನು 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ ಸಿದ್ಧಾಂತವಾಗಿ ಮುಂದಿಟ್ಟರು.

ನಾನು ಕನ್ನಡ ಮಾಧ್ಯಮದಿಂದ ಬಿ.ಎಸ್ಸಿ.ಗೆ ಬಂದವಳು. ಲ್ಯಾಬಿನಲ್ಲಿ ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಬಿಟ್ಟು, ಫ್ಲಾಸ್ಕಿನಲ್ಲಿ ತಿಳಿ ಗುಲಾಬಿ ಬಣ್ಣ ನಿಂತ ಕೂಡಲೇ ನಿಲ್ಲಿಸುತ್ತಿದ್ದೆ. ಒಂದು ಹನಿಯೂ ಜಾಸ್ತಿ ಬೀಳುತ್ತಿರಲಿಲ್ಲ. ಆಮೇಲೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಆ ಗುಲಾಬಿ ಬಣ್ಣ ಕೊಡುವ ಸೂಚಕ ಫಿನಾಲ್ಫ್ತಲೀನ್ ಯಾಕೆ ಹಾಕಿದೆ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಉತ್ತರ ಗೊತ್ತಿತ್ತು, ಗಂಟಲು ಒಣಗಿ ಮಾತೇ ಹೊರಡಲಿಲ್ಲ. ಒಂದೇ ವಿಷಯ, ಒಂದೇ ದಿನ. ಆದರೂ ಕೈಗೆ ಇದ್ದ ಧೈರ್ಯ ಬಾಯಿಗೆ ಇರಲಿಲ್ಲ.

ಈ ನಂಬಿಕೆಗೆ ಬಂಡೂರಾ ನಾಲ್ಕು ಮೂಲಗಳನ್ನು ಹೇಳುತ್ತಾರೆ. ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡುವುದು, ಬೇರೆಯವರ ಪ್ರೋತ್ಸಾಹದ ಮಾತು, ಮತ್ತೆ ಮೈಮನಸ್ಸಿನ ಸ್ಥಿತಿ. ನನ್ನ ಒಣಗಿದ ಗಂಟಲು ಈ ಕೊನೆಯದಕ್ಕೆ ಸೇರಿದ್ದು. ಎಲ್ಲಕ್ಕಿಂತ ಗಟ್ಟಿಯಾದದ್ದು ಮೊದಲನೆಯದು. 'ನಿನ್ನಿಂದ ಆಗುತ್ತೆ' ಅಂತ ಸುಮ್ನೆ ಬೆನ್ನು ತಟ್ಟಿದರೆ ಮುಂದಿನ ಸೋಲಿನವರೆಗೆ ಮಾತ್ರ ಬಾಳುತ್ತದೆ.

ವಿಭಾಗಕ್ಕೆ ವಿಭಾಗಕ್ಕೆ ವ್ಯತ್ಯಾಸ ಹುಟ್ಟುವುದೂ ಇಲ್ಲೇ ಅಂತ ನನಗನ್ನಿಸುತ್ತದೆ. ಗಣಿತದವರಿಗೆ ಲೆಕ್ಕ ಸರಿಯೋ ತಪ್ಪೋ ಅಂತ ಅಲ್ಲೇ ತಿಳಿಯುತ್ತದೆ. ಇತಿಹಾಸದವರು ಹತ್ತು ಪುಟ ಬರೆದು ಫಲಿತಾಂಶಕ್ಕೆ ಕಾಯಬೇಕು. ಬಂದದ್ದೂ ಬರೀ ಅಂಕ. ಎಲ್ಲಿ ಚೆನ್ನಾಗಿತ್ತು ಅಂತ ಯಾರೂ ಹೇಳದಿದ್ದರೆ ಗೆದ್ದ ಅನುಭವ ಎಲ್ಲಿಂದ ಬರಬೇಕು, ಅಲ್ವಾ?

ಇನ್ನು ಮೊದಲನೆಯದಾದ ಸ್ವ-ಪರಿಕಲ್ಪನೆಯ ಬಗ್ಗೆ ಹೇಳಿದವರು ಮನೋವಿಜ್ಞಾನಿ ಹರ್ಬರ್ಟ್ ಮಾರ್ಷ್. ನಮ್ಮನ್ನು ನಾವು ಬೇರೆಯವರ ಜೊತೆ ಅಷ್ಟೇ ಅಲ್ಲ, ನಮ್ಮದೇ ಇನ್ನೊಂದು ವಿಷಯದ ಜೊತೆಗೂ ಹೋಲಿಸಿಕೊಳ್ಳುತ್ತೇವೆ ಅಂತ 1986ರಲ್ಲಿ ವಿವರಿಸಿದರು. ಗಣಿತ ತುಂಬಾ ಚೆನ್ನಾಗಿ ಬರುವವರಿಗೆ, ಭಾಷೆಯಲ್ಲಿ ಒಳ್ಳೆಯ ಅಂಕ ಬಂದರೂ 'ಅದು ನನ್ನ ವಿಷಯ ಅಲ್ಲ' ಅನ್ನಿಸುವುದು ಅದಕ್ಕೇ. ಅವರದೇ 1987ರ ಲೇಖನ 'ಸಣ್ಣ ಕೊಳದ ದೊಡ್ಡ ಮೀನು' ಕುರಿತದ್ದು. ಊರ ಕಾಲೇಜಿನಲ್ಲಿ ಮೊದಲಿಗರಾಗಿದ್ದವರು ಜಾಣರೇ ತುಂಬಿದ ತರಗತಿಗೆ ಬಂದು ಕೂತರೆ, 'ನಾನು ಹುಷಾರು' ಅನ್ನುವ ಭಾವನೆ ಕುಗ್ಗುತ್ತದೆ. ಕಲಿತದ್ದು ಕಡಿಮೆಯಾಗಿರುವುದಿಲ್ಲ. ಅಕ್ಕಪಕ್ಕದವರು ಬದಲಾಗಿರುತ್ತಾರೆ, ಅಷ್ಟೇ. ಹಾಸ್ಟೆಲಿನಲ್ಲಿ ಮೊದಲ ಸೆಮಿಸ್ಟರಿಗೇ ಕುಗ್ಗಿದ ಗೆಳತಿಯರಿಗೆ ಇದನ್ನು ಯಾರಾದರೂ ಹೇಳಬೇಕಿತ್ತು.

ಪ್ರಶ್ನಾವಳಿ ತಯಾರಿಸುವವರು 'ಓದಿನಲ್ಲಿ ನಿಮಗೆ ಆತ್ಮವಿಶ್ವಾಸ ಇದೆಯೇ?' ಅಂತ ಕೇಳಬೇಡಿ. 'ತರಗತಿಯಲ್ಲಿ ಎದ್ದು ಪ್ರಶ್ನೆ ಕೇಳಬಲ್ಲಿರಾ?', 'ಓದಿದ ಪಾಠವನ್ನು ನಿಮ್ಮ ಮಾತಿನಲ್ಲಿ ಬರೆಯಬಲ್ಲಿರಾ?' ಅಂತ ಬಿಡಿಬಿಡಿಯಾಗಿ ಕೇಳಿ. ಮೊದಲನೆಯದಕ್ಕೆ ನಾನು ಆಗ ಸೊನ್ನೆ ಹಾಕುತ್ತಿದ್ದೆ, ಎರಡನೆಯದಕ್ಕೆ ಹತ್ತಕ್ಕೆ ಎಂಟು.